ಆರರ ಮುಂದಿನ ಎಣಿಕೆ

ಭೀಮನಬೀಡಿನ ಕಣದಲ್ಲಿ ರಾಗಿ ಅಳೆಯುವಾಗ ಶಾಂತಮಲ್ಲಮ್ಮನವರ ತಂದೆ ಮೊದಲ ಕೊಳಗಕ್ಕೆ ‘ಲಾಭ’ ಎನ್ನುತ್ತಿದ್ದರು. ಆರಾದ ಮೇಲೆ ‘ಮತ್ತೊಂದು’. ಏಳು ಎಂದರೆ ರಾಶಿಯೇ ಎದ್ದು ಹೋದೀತೆಂಬ ನಂಬಿಕೆ. ಆ ಎಣಿಕೆಯನ್ನೇ ಶಾಂತಮಲ್ಲಮ್ಮನವರು ಚಾಮರಾಜನಗರದ ಆಸ್ಪತ್ರೆಯೊಂದರ ಎಮರ್ಜೆನ್ಸಿಗೂ ತಂದರು. ಅವರು ಅಲ್ಲಿ ಆಯಾ. ಮಂಚಗಳಿಗಿಂತ ರೋಗಿಗಳೇ ಹೆಚ್ಚಾದ ಆ ಕೋಣೆಯ ಇಕ್ಕಟ್ಟನ್ನು ಅಳೆಯಲು ಡಾಕ್ಟರ್ ಕಾವ್ಯಶ್ರೀ ಹೊತ್ತುಹೊತ್ತಿಗೆ ತಲೆ ಎಣಿಸಲು ಹೇಳಿದ್ದರು. ಬಾಗಿಲಿನಿಂದ ಹಿಡಿದು, ನೆಲದ ಮೇಲಿದ್ದವರನ್ನೂ ಸೇರಿಸಿ, ಶಾಂತಮಲ್ಲಮ್ಮನವರು ಗಟ್ಟಿಯಾಗಿ ಎಣಿಸಬೇಕು. ವಾರ್ಡ್ ಬಾಯ್ ಮಲ್ಲೇಶ್ ಬರೆದುಕೊಳ್ಳಬೇಕು.

“ರೋಗಿ ಬಂದ್ರೆ ಲಾಭ್ವಾ ಅಕ್ಕ?” ಎಂದು ಅವನು ಕೆಣಕುತ್ತಿದ್ದ.

“ನಿಂಗೇನ್ಲಾ ನಷ್ಟ? ಬರ್ಕೊ.”

ಆದರೆ ಒಂದು ದಿನ ‘ಮತ್ತೊಂದು’ ಎಂದದ್ದನ್ನು ಅವನು ಬಿಟ್ಟು ಬರೆದು ಲೆಕ್ಕ ತಪ್ಪಿತು. “ಏಳು ಅಂತ್ಲೇ ಹೇಳಿ ಶಾಂತಮ್ಮ,” ಎಂದರು ಡಾಕ್ಟರ್.

ಮರುದಿನ ಶಾಂತಮಲ್ಲಮ್ಮನವರು ಏಳನೆಯ ರೋಗಿಯ ಮುಂದೆ ಹಾಗೆಯೇ ಹೇಳಿದರು. ಬಂದಾಗಿನಿಂದ ಪ್ರಜ್ಞೆಯಿಲ್ಲದೆ ಮಲಗಿದ್ದ ಮಾರಯ್ಯನೆಂಬ ಮುದುಕ ಎದ್ದು ಕುಳಿತು, “ಯಾರ್ ಕರ್ದದ್ದು?” ಎಂದ. ಔಷಧಿ ಹತ್ತಿತೆಂದು ಎಲ್ಲರೂ ಸಂತೋಷಪಟ್ಟರು. ಅವನನ್ನು ಮನೆಗೆ ಕರೆದೊಯ್ದ ಮಗಳು ಕುಮಾರಿ ಕೆಲವೇ ದಿನಗಳಲ್ಲಿ ಮರಳಿ ಬಂದು ಶಾಂತಮಲ್ಲಮ್ಮನವರ ಸೆರಗು ಹಿಡಿದಳು.

“ಅಪ್ಪ ಕುಂತೇ ಅವ್ನೆ ಕಣಕ್ಕ. ಉಣ್ಣಕಿಲ್ಲ, ಕಣ್ಣು ಮುಚ್ಚಕಿಲ್ಲ. ಮೈಯೆಲ್ಲ ತಣ್ಗೈತೆ. ಎಬ್ಬಿಸ್ದೋರೇ ಬಂದು ಮನಗು ಅನ್ಬೇಕಂತೆ.”

ಹೋಗಿ, ಮಲಗು ಎಂದು ಹೇಳಿ ನೋಡಿದರು. ಮುದುಕ ಅವರನ್ನೇ ದಿಟ್ಟಿಸುತ್ತ ಕುಳಿತೇ ಇದ್ದ.

ಆಮೇಲೊಂದು ಮಧ್ಯಾಹ್ನ, ಟ್ರ್ಯಾಕ್ಟರಿನಿಂದ ಬಿದ್ದ ಅವರ ಅಣ್ಣ ಶಿವಮಲ್ಲಪ್ಪನವರನ್ನು ಅದೇ ಎಮರ್ಜೆನ್ಸಿಗೆ ತಂದರು. ಎಣಿಸುತ್ತ ಬಂದ ಶಾಂತಮಲ್ಲಮ್ಮನವರು ಆರನೆಯವರನ್ನು ದಾಟಿ ಅಣ್ಣನ ಮುಂದೆ ನಿಂತರು. ಅತ್ತಿಗೆ ಗಂಡನ ಕಿವಿಗೆ ಬಾಗಿ “ಏಳಿ, ಏಳಿ” ಎನ್ನುತ್ತಿದ್ದರು, ರೆಪ್ಪೆ ಅಲುಗಲಿಲ್ಲ. ಮಾರಯ್ಯ ಎದ್ದದ್ದಷ್ಟೇ ಅತ್ತಿಗೆಯ ಕಿವಿಗೆ ಬಿದ್ದಿತ್ತು, ಆಮೇಲಿನದಲ್ಲ.

“ನೀನೇ ಅನ್ನು ಶಾಂತಮ್ಮ. ನಿನ್ ಬಾಯಲ್ ಬಂದ್ರೆ ಎದ್ಬುಡ್ತಾರೆ.”

ಮಲ್ಲೇಶ್ ಪೆನ್ನು ಹಿಡಿದು ಕಾಯುತ್ತಿದ್ದ. ಶಾಂತಮಲ್ಲಮ್ಮನವರು ಅಣ್ಣನ ಪಾದ ಮುಟ್ಟಿ ನೋಡಿದರು, ಇನ್ನೂ ಬೆಚ್ಚಗಿತ್ತು. ಪಕ್ಕದ ಮಂಚಕ್ಕೆ ನಡೆದು, “ಎಂಟು,” ಎಂದರು.

ಸಂಜೆಗೆ ಶಿವಮಲ್ಲಪ್ಪನವರು ತೀರಿಕೊಂಡರು. ಊರಿಗೆ ಹೊರಟ ಶವದ ಗಾಡಿ ಗುಂಡ್ಲುಪೇಟೆ ದಾಟುವವರೆಗೂ ಅತ್ತಿಗೆಯದು ಒಂದೇ ಮಾತು: “ಒಂದ್ಸಲ ಅಂದಿದ್ರೆ ನಿಂದೇನ್ ಓಗ್ತಿತ್ತು?”

ಶಾಂತಮಲ್ಲಮ್ಮನವರು ಬಾಯಿಗೆ ಸೆರಗು ಒತ್ತಿಕೊಂಡು ಅಣ್ಣನ ಮುಖವನ್ನೇ ನೋಡುತ್ತಿದ್ದರು. ಈಗ ಅಂದರೂ ಎದ್ದಾನೆಂಬ ಭಯ ಅವರನ್ನು ಬಿಟ್ಟಿರಲಿಲ್ಲ.