ಬೆಳ್ಳುಳ್ಳಿ ನೀಲಿಯಾದ ದಿನ

ಹುತ್ರಿದುರ್ಗದ ಬೆಟ್ಟದ ಕೆಳಗಿನ ಊರಿನಲ್ಲಿರುವ ನನ್ನ ಅಕ್ಕ ಮಿಡಿ ಸೌತೆ ಬೆಳೆಯುತ್ತಾಳೆ. ಅದನ್ನು ಕೊಳ್ಳುವ ಉಪ್ಪಿನಕಾಯಿ ಕಂಪನಿಯವರಿಗೆ ಬೆರಳುದ್ದದ ಕಾಯಿಯೇ ಬೇಕು. ಕೀಳುವುದು ಸ್ವಲ್ಪ ತಡವಾದರೂ ಕಾಯಿ ದಪ್ಪಗಾಗುತ್ತದೆ, ಅವರು ಬೇಡವೆನ್ನುತ್ತಾರೆ. ಹಾಗೆ ಉಳಿದದ್ದನ್ನು ಅಕ್ಕ ಚೀಲಕ್ಕೆ ತುಂಬಿ ಕುಣಿಗಲ್ಲಿನಲ್ಲಿ ಬಸ್ಸಿಗೆ ಹಾಕುತ್ತಾಳೆ. ನಾನು ತುಮಕೂರಿನಲ್ಲಿ ಇಳಿಸಿಕೊಂಡು ಅಲ್ಲೇ ಸದಾಶಿವನಗರದ ನಮ್ಮ ಮನೆಗೆ ತರುತ್ತೇನೆ. ಅದನ್ನು ಗಾಜಿನ ಬಾಟಲಿಯಲ್ಲಿ ಉಪ್ಪುನೀರಿಗೆ ಹಾಕಿಡುವುದು ಈಚೆಗೆ ನನಗೆ ಹಿಡಿದಿರುವ ಹುಚ್ಚು.

ಕಳೆದ ಸಲ ಚೀಲ ಬಂದಾಗ ಅತ್ತೆ ಮಾವ ನಮ್ಮಲ್ಲೇ ಇದ್ದರು. ಮಾವನಿಗೆ ಕಣ್ಣಿನ ಪೊರೆ ತೆಗೆಸಿ, ಅವರೂರು ಗುಬ್ಬಿಗೆ ಕಳಿಸದೆ ಉಳಿಸಿಕೊಂಡಿದ್ದೆವು. ಮಾವ ಮಠದ ಭಕ್ತರು. ನನ್ನ ಗಂಡ ಇನ್ನೂ ಚಿಕ್ಕವರಿದ್ದಾಗಲೇ ಗುರುಗಳ ಮುಂದೆ ನೇಮ ಹಿಡಿದು ಬೆಳ್ಳುಳ್ಳಿ ಬಿಟ್ಟವರು. ಅಂದಿನಿಂದ ಗುಬ್ಬಿಯ ಮನೆಯೊಳಗೆ ಬೆಳ್ಳುಳ್ಳಿ ಬಂದಿಲ್ಲ. ಅವರು ಬಂದಾಗ ನಮ್ಮ ಅಡುಗೆಯಲ್ಲೂ ಇರುವುದಿಲ್ಲ.

ಹಾಗಾಗಿ ಅವರಿಗೆಂದು ಕ್ಯಾರೆಟ್, ಮೂಲಂಗಿ, ಹೂಕೋಸು ಹಾಕಿ ಬೇರೆ ಬಾಟಲಿ ಮಾಡಿದೆ. ನಮ್ಮದಕ್ಕೆ ಮಿಡಿ ಸೌತೆ, ದಂಟು ಸಮೇತ ಸಬ್ಬಸಿಗೆ ಸೊಪ್ಪು, ಕಾಳುಮೆಣಸು, ಸುಲಿದ ಬೆಳ್ಳುಳ್ಳಿ ಒಂದು ಹಿಡಿ. ಉಪ್ಪುನೀರು ಕಾಯಿಸಿ ವಿನಿಗರ್ ಬೆರೆಸಿ ಸುರಿದು, ಮುಚ್ಚಳ ಬಿಗಿದು, ಅಡುಗೆಮನೆಯ ಹಿಂದೆ ವಾಷಿಂಗ್ ಮಷೀನಿನ ಮರೆಯಲ್ಲಿ ಇಟ್ಟೆ.

ಕೆಲವು ದಿನ ಬಿಟ್ಟು ನೋಡಿದರೆ ಬೆಳ್ಳುಳ್ಳಿ ನೀಲಿಯಾಗಿತ್ತು. ಮಾಸಲು ಬಣ್ಣವಲ್ಲ, ತೋಟಕ್ಕೆ ಹೊಡೆಯುವ ಮೈಲುತುತ್ತದಂಥ ನೀಲಿ. ಕಾಯಿ ಹಸಿರಾಗಿಯೇ ಇತ್ತು, ನೀರೂ ತಿಳಿಯಾಗಿತ್ತು. ಚೆಲ್ಲಿಬಿಡೋಣವೆಂದು ಬಾಟಲಿಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟೆ. ಅಷ್ಟರಲ್ಲಿ ಮಾವನ ಕಣ್ಣಿನ ಡ್ರಾಪ್ಸ್ ಮುಗಿದದ್ದು ನೆನಪಾಗಿ ಮೆಡಿಕಲ್ ಶಾಪಿಗೆ ಹೋದೆ.

ವಾಪಸ್ ಬಂದಾಗ ಅತ್ತೆ ಕಲ್ಲಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಬಾಟಲಿಯ ಮುಚ್ಚಳ ತೆರೆದಿತ್ತು. ಸೌತೆಕಾಯಿಗಳೆಲ್ಲ ಇದ್ದ ಹಾಗೇ ಇದ್ದವು, ಬೆಳ್ಳುಳ್ಳಿ ಕಾಣಲಿಲ್ಲ. ಕೊನೆಯ ನೀಲಿ ಎಸಳು ಅತ್ತೆಯ ಬೆರಳುಗಳ ನಡುವೆ ಇತ್ತು. ನಾನು ನೋಡುತ್ತಿರುವಂತೆಯೇ ಅದನ್ನೂ ಬಾಯಿಗೆ ಹಾಕಿಕೊಂಡರು.

"ಅತ್ತೆ, ಉಗೀರಿ. ಅದು ವಿಷ ಆಗಿದೆ," ಎಂದೆ.

"ವಿಷ ಇಷ್ಟ್ ರುಚಿಯಾಗಿರಲ್ಲ ಬುಡು," ಎಂದು ಅತ್ತೆ ಅಗಿಯುತ್ತಲೇ ಇದ್ದರು.

ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಗಾಬರಿಯಲ್ಲಿ ನಡುಮನೆಯವರೆಗೂ ಕೇಳುವಂತೆ ಕೂಗಿಬಿಟ್ಟೆ: "ನಮ್ಮತ್ತೆ ನೀಲಿ ಬೆಳ್ಳುಳ್ಳಿ ತಿಂದುಬಿಟ್ಟಿದಾರೆ, ಒಂದು ಹಿಡಿ."

ಕೆಟ್ಟ ವಾಸನೆ ಬಂದಿದೆಯಾ, ನೊರೆ ಕಟ್ಟಿದೆಯಾ ಎಂದು ಅವರು ಕೇಳಿದರು. ಇಲ್ಲವೆಂದೆ. "ಹುಳಿ ತಾಗಿದ್ರೆ ಬೆಳ್ಳುಳ್ಳಿ ಒಂದೊಂದ್ಸಲ ಹಂಗೆ ಬಣ್ಣ ತಿರುಗುತ್ತೆ. ಏನೂ ಆಗಲ್ಲ. ಹೊಟ್ಟೆ ನೋವು ಬಂದ್ರೆ ಕರ್ಕೊಂಡ್ ಬನ್ನಿ," ಎಂದರು.

ಫೋನ್ ಇಟ್ಟು ತಿರುಗಿದರೆ ಮಾವ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಏನೇ, ಬೆಳ್ಳುಳ್ಳಿ ತಿಂದ್ಯಾ?"

"ಹ್ಞೂಂ, ತಿಂದೆ."

"ನೇಮ ಮುರಿದ್ಯಲ್ಲೇ."

"ನೇಮ ಹಿಡ್ದೋರು ನೀವು. ನಾನ್ಯಾವತ್ತು ಹಿಡ್ದೆ?"

"ಗುರುಗಳ ಮುಂದೆ ನನ್ ಪಕ್ಕದಲ್ಲೇ ನಿಂತು ಕೈ ಮುಗ್ದಿದ್ಯಲ್ಲ."

"ಗುರುಗಳಿಗೆ ಮುಗ್ದೆ. ಬೆಳ್ಳುಳ್ಳಿ ಬುಡ್ತೀನಿ ಅಂತ ಮುಗೀಲಿಲ್ಲ. ಆವತ್ತಿಂದ ನೀವು ಮನೇಗೆ ತರ್ಲಿಲ್ಲ, ನಾನು ತಿನ್ಲಿಲ್ಲ. ಬೇಕಾ ಅಂತ ಯಾರೂ ಕೇಳ್ಲೂ ಇಲ್ಲ."

ಜಗಳದ ದನಿಯಲ್ಲ. ಹಾಲು ಉಕ್ಕಿತು ಎನ್ನುವಷ್ಟು ಸಾದಾ ದನಿ. ನಾನು ಮಾವನನ್ನು ಕೈಹಿಡಿದು ಕುರ್ಚಿಯಲ್ಲಿ ಕೂರಿಸಿದೆ. ಹಬ್ಬಕ್ಕೆ ಗುಬ್ಬಿಗೆ ಹೋದಾಗಲೆಲ್ಲ ಅತ್ತೆಯ ಪಕ್ಕ ನಿಂತು ಅಡುಗೆ ಮಾಡಿದ್ದೆ. ಬೆಳ್ಳುಳ್ಳಿಯ ವಾಸನೆಯೇ ಇವರಿಗೆ ಆಗುವುದಿಲ್ಲವೆಂದು ನಂಬಿದ್ದೆ.

ಸಂಜೆ ಊರಾಚೆಯ ಸತ್ಯಮಂಗಲದ ಫ್ಯಾಕ್ಟರಿಯಿಂದ ಬಂದ ಗಂಡನಿಗೆ ಹೇಳಿದೆ. ಅವರು ಶೂ ಬಿಚ್ಚುತ್ತಿದ್ದವರು ಒಂದನ್ನು ಕೈಯಲ್ಲಿ ಹಿಡಿದೇ ತಾಯಿಯ ಹತ್ತಿರ ಹೋದರು. "ಅಮ್ಮ, ನಿಜವಾಗ್ಲೂ ನಿಂಗೆ ಇಷ್ಟಾನಾ?"

"ನಮ್ಮವ್ವ ಕೆಂಡದಲ್ಲಿ ಸುಟ್ಟು ಕೊಡೋಳು ಕಣೋ. ಬಾಣಂತನದಲ್ಲಿ ತಿಂದು ತಿಂದು ನಿನ್ ಮೈಯೆಲ್ಲ ಅದೇ ವಾಸ್ನೆ."

ಗಂಡ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಆಮೇಲಿನ ದಿನಗಳಲ್ಲಿ ಅತ್ತೆ ತಾವೇ ಬೆಳ್ಳುಳ್ಳಿ ಸುಲಿದು ಮೂಲಂಗಿಯ ಬಾಟಲಿಗೂ ಹಾಕಿದರು. ಮಾವ ಅದನ್ನು ಮುಟ್ಟಲಿಲ್ಲ, ಬೇಡವೆಂದೂ ಹೇಳಲಿಲ್ಲ. ಊಟಕ್ಕೆ ಕೂತಾಗ ತಟ್ಟೆಯನ್ನು ಸ್ವಲ್ಪ ಆಚೆಗೆ ಸರಿಸಿಕೊಳ್ಳುತ್ತಿದ್ದರು, ಅಷ್ಟೇ. ಊರಿಗೆ ಹೊರಟಾಗ ಅತ್ತೆ ಬೆಳ್ಳುಳ್ಳಿ ಹಾಕಿದ ಒಂದು ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಮಾವ ಮುಂದೆ ಕೂತರು.

ಹೋದ ವಾರ ಗುಬ್ಬಿಯಿಂದ ಫೋನ್ ಬಂತು. ಮಾವ ನನಗೆ ಫೋನ್ ಮಾಡುವವರೇ ಅಲ್ಲ. ಯಾರಿಗೆ ಏನಾಯಿತೋ ಎಂದು ಹೆದರಿಕೊಂಡೇ ಎತ್ತಿದೆ.

"ಅವಳ್ ಬಾಟ್ಲಿ ಖಾಲಿ ಆಗೈತೆ ಕಣಮ್ಮ," ಎಂದರು. "ಸಂತೇಗ್ ಬಂದಿದೀನಿ. ಅದಕ್ಕೆ ಸಬ್ಬಸಿಗೆ ಎಷ್ಟ್ ಕಟ್ಟು ತಗೊಳ್ಲಿ?"