ನಮ್ಮತ್ತೆ ಕುಳ್ಳಗಾದದ್ದು

ಮೊನ್ನೆ ಟ್ರಂಕು ತೆಗೆದು ಹಳೆಯ ಬಟ್ಟೆಗಳನ್ನು ಬಿಸಿಲಿಗೆ ಹರಡುತ್ತಿದ್ದೆ. ನುಸಿಗುಳಿಗೆಯ ವಾಸನೆಯ ನಡುವೆ ನಮ್ಮತ್ತೆಯ ಒಂದು ಒಳಲಂಗ ಸಿಕ್ಕಿತು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು, ಇದು ಹೇಗೆ ಉಳಿದಿತ್ತೋ. ಅಂಚಿನಲ್ಲಿ ಕೈಹೊಲಿಗೆಯ ಮೂರು ಸಾಲು, ಒಂದರ ಮೇಲೊಂದು. ಲಂಗ ಉದ್ದವಾಯಿತೆಂದು ಎರಡು ಮೂರು ವರ್ಷಕ್ಕೊಮ್ಮೆ ಅತ್ತೆ ಒಂದು ಮಡಿಕೆ ಹಾಕಿ ಹೊಲಿದುಕೊಳ್ಳುತ್ತಿದ್ದರು. ಒಗೆದೂ ಒಗೆದೂ ಬಟ್ಟೆ ಜೋಲುತ್ತದೆ ಅನ್ನುವುದು ಅವರ ವಾದ. ಒಗೆದರೆ ಬಟ್ಟೆ ಕುಗ್ಗುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತಿತ್ತು. ನಾನು ನಂಜನಗೂಡಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆಗಿದ್ದವಳು. ಕ್ಯಾಲ್ಸಿಯಂ ಇಲ್ಲದಿದ್ದರೆ ಮೂಳೆ ಏನಾಗುತ್ತದೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವಳು. ಅತ್ತೆಯ ಸೂಜಿಗೆ ದಾರ ಪೋಣಿಸಿಕೊಟ್ಟವಳೂ ನಾನೇ.

ಅತ್ತೆ ಹದಿನಾರು ಎಂಬ ಹಳ್ಳಿಯಲ್ಲಿ ಸಂಸಾರ ಮಾಡಿದವರು. ನಾನು ಸೊಸೆಯಾಗಿ ಬಂದಾಗ ಅವರು ಬಾಗಿಲಲ್ಲಿ ತಲೆ ತಗ್ಗಿಸಿ ನಡೆಯುವಷ್ಟು ಎತ್ತರ. ಎರಡು ಎಮ್ಮೆ ಕರೆದು, ಡೇರಿಗೆ ಹಾಕಿ, ಉಳಿದದ್ದನ್ನು ಗಂಡನಿಗೂ ಮಕ್ಕಳಿಗೂ ಬಗ್ಗಿಸಿ, ತಮಗೆ ಪಾತ್ರೆ ತೊಳೆದ ನೀರಿನಂಥ ಮಜ್ಜಿಗೆ ಇಟ್ಟುಕೊಳ್ಳುತ್ತಿದ್ದರು. ಮಾವ ಹೋದ ಮೇಲೆ ಅವರನ್ನು ನಂಜನಗೂಡಿಗೆ ಕರೆತಂದೆವು. ದುಡಿದ ಜೀವ, ಇನ್ನಾದರೂ ಸುಖವಾಗಿರಲಿ ಎಂದು ನಾನು ಅವರಿಗೆ ಕಸಬರಿಗೆ ಮುಟ್ಟಲೂ ಬಿಡಲಿಲ್ಲ. ಸೊಸೆ ಅಂದರೆ ಹೀಗಿರಬೇಕು ಎಂದು ಬೀದಿಯವರು ಹೊಗಳಿದರು, ನಾನೂ ಉಬ್ಬಿದೆ. ಅತ್ತೆ ಟಿವಿ ಮುಂದಿನ ಕುರ್ಚಿಯಲ್ಲಿ ಕೂತರು. ಬಿಸಿಲನ್ನೂ ಕಿಟಕಿಯಿಂದಲೇ ನೋಡಿದರು.

ಒಂದು ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ ಒಗೆದ ಬಟ್ಟೆಯ ಬಕೆಟ್ಟನ್ನು ಬಗ್ಗಿ ಎತ್ತಿದರಂತೆ. ಎತ್ತಿದ್ದಷ್ಟೇ, ಬಿದ್ದಿರಲಿಲ್ಲ. ನಾನು ಹೊರಗೆ ಬಂದಾಗ ಗೋಡೆ ಹಿಡಿದು ನಿಂತಿದ್ದರು. ಉಸಿರೆಳೆಯಲೂ ಹೆದರುತ್ತಿದ್ದರು.

ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಬೆನ್ನುಮೂಳೆಯ ಒಂದು ಬಿಲ್ಲೆ ಕುಸಿದಿದೆ ಎಂದರು. ಆಮೇಲೆ ಇನ್ನೆರಡು ಕಡೆ ಬೆರಳಿಟ್ಟು, ಇವು ಹಳೆಯವು, ಕುಸಿದು ಹಾಗೇ ಕೂಡಿಕೊಂಡಿವೆ ಎಂದರು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ, ಇವರದು ಒಳಗೊಳಗೇ ಟೊಳ್ಳಾಗಿದೆ, ಎತ್ತರ ಇಳಿದದ್ದು ಅದಕ್ಕೇ ಎಂದು ವಿವರಿಸಿದರು.

ಆಟೋದಲ್ಲಿ ವಾಪಸು ಬರುವಾಗ ನಾನು ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ, ಹಿಂದೆ ಅಷ್ಟು ನೋವಾದಾಗ ಯಾಕೆ ಹೇಳಲಿಲ್ಲ ಎಂದು.

"ಏಳ್ದೆ ಕಣವ್ವ," ಅಂದರು ಅತ್ತೆ. "ಎಲ್ಡು ಸಲವೂ ಏಳ್ದೆ. ನೀನು ಮುಲಾಮು ತಂದ್ಕೊಟ್ಟೆ."

ದೂರುವ ದನಿಯಲ್ಲ ಅದು. ಮುಲಾಮು ತಂದುಕೊಟ್ಟ ಉಪಕಾರ ನೆನೆಯುವಂತಿತ್ತು. ನನಗೆ ಚುಚ್ಚಿದ್ದೇ ಅದು.

ಡಾಕ್ಟರು ಮಾತ್ರೆ, ಇಂಜೆಕ್ಷನ್ ಬರೆದುಕೊಟ್ಟಿದ್ದರು. ನೋವು ಇಳಿದ ಮೇಲೆ ನಡೆಸಿ, ಬಿಸಿಲು ತೋರಿಸಿ, ಹಾಲು, ರಾಗಿ, ಸೊಪ್ಪು ತಪ್ಪಿಸಬೇಡಿ, ಬಗ್ಗಿ ಭಾರ ಎತ್ತುವುದು ಮಾತ್ರ ಬೇಡ ಎಂದಿದ್ದರು. ಕೂರಿಸಿಯೇ ಪ್ರೀತಿ ತೋರಿಸಿದವಳಿಗೆ ಎಬ್ಬಿಸುವುದು ಕಷ್ಟವಾಯಿತು. ಮೊದಲು ಗೇಟಿನವರೆಗೆ, ಆಮೇಲೆ ಬೀದಿಯ ಕೊನೆಯವರೆಗೆ, ಕೆಲವು ತಿಂಗಳಿಗೆ ಕಪಿಲೆಯ ಸ್ನಾನಘಟ್ಟದವರೆಗೆ. ದೊಡ್ಡ ಜಗಳ ನಡೆದದ್ದು ಹಾಲಿನ ಲೋಟಕ್ಕೆ. ಹೆಂಗಸು ತನಗೇ ಅಂತ ಹಾಲು ಬಗ್ಗಿಸಿಕೊಂಡು ಕುಡಿಯುವುದು ಅವರಿಗೆ ನಾಚಿಕೆಯ ವಿಷಯ. ಕೊನೆಗೆ, ನೀನೂ ಕುಡಿದರೆ ನಾನೂ ಕುಡೀತೀನಿ ಎಂದರು. ಅತ್ತೆ ಸೊಸೆ ಇಬ್ಬರೂ ಕದ್ದು ಕುಡಿಯುವವರಂತೆ ಅಡುಗೆಮನೆಯಲ್ಲಿ ನಿಂತು ಕುಡಿದೆವು. ಕಳೆದುಹೋದ ಎತ್ತರ ಮರಳಲಿಲ್ಲ. ಆದರೆ ಮತ್ತೆ ಮೂಳೆ ಮುರಿಯಲಿಲ್ಲ. ಇನ್ನೂ ಐದು ವರ್ಷ, ಸೊಪ್ಪು ಬಿಡಿಸಿಕೊಂಡು, ತಮ್ಮ ಕಾಲ ಮೇಲೆಯೇ ಓಡಾಡಿಕೊಂಡಿದ್ದರು.

ನಿನ್ನ ಮೂಳೆಯನ್ನೂ ಒಮ್ಮೆ ತೋರಿಸಿಕೋ ಎಂದು ಅತ್ತೆ ಹೇಳುತ್ತಲೇ ಇದ್ದರು. ಮುಂದೂಡುವುದರಲ್ಲಿ ನಾನು ನಿಪುಣೆ. ಆ ಲಂಗ ಸಿಕ್ಕಿದ ಮರುದಿನ, ಅಂತೂ ಮೈಸೂರಿಗೆ ಹೋಗಿ ಮೂಳೆಯ ಸ್ಕ್ಯಾನ್ ಮಾಡಿಸಿದೆ. ಸವೆತ ಶುರುವಾಗಿದೆ, ಈಗಲೇ ಬಂದದ್ದು ಒಳ್ಳೆಯದಾಯಿತು ಎಂದರು ಅಲ್ಲಿನ ಡಾಕ್ಟರು.

ಬಸ್ಸಿನಲ್ಲಿ ಹಿಂತಿರುಗುವಾಗ, ತಾಂಡವಪುರದ ಹತ್ತಿರ, ತಿ. ನರಸೀಪುರದಲ್ಲಿರುವ ನನ್ನ ತಂಗಿಗೆ ಫೋನ್ ಮಾಡಿದೆ. ಅವಳಿಗೀಗ ಐವತ್ತೆಂಟು. ಬೆನ್ನು ನೋವು ಅಂತಿದ್ದೆಯಲ್ಲ, ಹೇಗಿದೆ ಎಂದೆ. ಏನಿಲ್ಲ ಅಕ್ಕ, ವಯಸ್ಸಾಯ್ತಲ್ಲ ಎಂದು ಮೊಮ್ಮಗಳ ಸುದ್ದಿಗೆ ಹೊರಳಿದಳು. ಮೊದಲಾಗಿದ್ದರೆ ನಾನೂ ಅವಳ ಹಿಂದೆಯೇ ಹೊರಳುತ್ತಿದ್ದೆ.

"ಅದು ಆಮೇಲೆ," ಎಂದೆ. "ನೋವು ಎಲ್ಲಿ, ಯಾವತ್ತಿಂದ, ಹೇಳು."

ಅವಳು ಮೊಮ್ಮಗಳ ಸುದ್ದಿ ಬಿಟ್ಟಳು. ಆಮೇಲೆ ಹೇಳತೊಡಗಿದಳು. ಬಸ್ಸು ನಂಜನಗೂಡಿನ ಸ್ಟ್ಯಾಂಡಿಗೆ ಬಂದು ಎಲ್ಲರೂ ಇಳಿದು ಹೋದರೂ ಅವಳ ಮಾತು ಮುಗಿದಿರಲಿಲ್ಲ.