ಟೆಲಿಫೋನ್ ಆಫೀಸಿಗೆ ಬಂದ ಗಿಟಾರು

ಹೊನ್ನಾಳಿಯಲ್ಲಿ ನಾನು ಟೆಲಿಫೋನ್ ಆಪರೇಟರ್ ಆಗಿದ್ದಾಗ ಊರಿನ ಅರ್ಧ ಜನರ ದನಿ ನನಗೆ ಗೊತ್ತಿತ್ತು, ಮುಖ ಗೊತ್ತಿದ್ದದ್ದು ಕೆಲವರದು ಮಾತ್ರ. ಅಡಿಕೆ ವ್ಯಾಪಾರಿಗಳು ದರ ಕೇಳುವುದು, ಸಾಸ್ವೆಹಳ್ಳಿ ಕಡೆಯವರು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದವರ ಕ್ಷೇಮ ವಿಚಾರಿಸುವುದು, ಬೀಗರ ಮುನಿಸು, ಹೆಣ್ಣು ನೋಡಲು ಬರುವವರ ಲೆಕ್ಕಾಚಾರ, ಎಲ್ಲವೂ ನಾನು ಸ್ವಿಚ್‌ಬೋರ್ಡಿಗೆ ಚುಚ್ಚುವ ಪ್ಲಗ್ಗಿನ ಮೂಲಕವೇ ದಾಟಬೇಕಿತ್ತು. ಇಡೀ ದಿನ ಬೇರೆಯವರ ಮಾತು ದಾಟಿಸಿ ಬಾಡಿಗೆ ಕೋಣೆಗೆ ಹೋದರೆ ನನ್ನ ಮಾತು ಕೇಳಲು ಯಾರೂ ಇರಲಿಲ್ಲ.

ಅದಕ್ಕೂ ಮೊದಲು ಜಗಳೂರಿನಲ್ಲಿದ್ದೆ. ಅಲ್ಲೂ ಇದೇ ಕಥೆ. ಹೊನ್ನಾಳಿಯ ಮನೆ ಯಜಮಾನಿ ಕೆಟ್ಟವರೇನಲ್ಲ. ಹಬ್ಬಕ್ಕೆ ಹೋಳಿಗೆ ಕೊಡುತ್ತಿದ್ದರು, ಆದರೆ ಹೊಸಿಲಾಚೆ ನಿಂತೇ ಕೊಡುತ್ತಿದ್ದರು. ಒಳಗೆ ನನ್ನ ಗೋಡೆಯ ಮೇಲೆ ಬುದ್ಧನ ಪಟವಿತ್ತು. ಅದನ್ನು ನೋಡಿದ ದಿನದಿಂದ ಅವರು ನನ್ನ ಕೋಣೆಯಲ್ಲಿ ಒಂದು ಲೋಟ ನೀರೂ ಕುಡಿಯಲಿಲ್ಲ. ನಾನೂ ಕರೆಯುವುದನ್ನು ಬಿಟ್ಟೆ. ಬಿಗುಮಾನ ನನಗೂ ಕಡಿಮೆ ಇರಲಿಲ್ಲ.

ನನಗೆ ಜೊತೆ ಎಂದರೆ ಒಂದು ಇಂಗ್ಲಿಷ್ ಹಾಡು. ಹಾಡು ಎನ್ನುವುದೂ ತಪ್ಪು, ಅದರ ಮಾತುಗಳು ನನಗೆ ಗೊತ್ತಿರಲಿಲ್ಲ. ನ್ಯಾಮತಿಯಲ್ಲಿ ಮೇಷ್ಟ್ರಾಗಿದ್ದ ನಮ್ಮಪ್ಪ ಹಳೆಯ ಟ್ರಾನ್ಸಿಸ್ಟರ್ ಕೊಂಡು ತಂದಿದ್ದರು. ಎಪ್ಪತ್ತರ ದಶಕದ ಶುರು, ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಒಂದು ಸಂಜೆ ಶಾರ್ಟ್ ವೇವಿನಲ್ಲಿ ಗಿಟಾರು ಕೇಳಿಸಿತು. ಮೊದಲು ಅದು ಮೆಲ್ಲಗೆ ಮೇಲಕ್ಕೆ ಹತ್ತಿತು. ಆಮೇಲೆ ಒಂದು ಕಡೆ ಇದ್ದಕ್ಕಿದ್ದಂತೆ ತಿರುಗಿ ಕೆಳಗಿಳಿಯಿತು. ಆ ತಿರುವಿನಲ್ಲಿ ನನಗೆ ಅಳು ಬಂತು. ಯಾಕೆ ಎಂದು ಈಗಲೂ ಹೇಳಲಾರೆ. ಮತ್ತೆ ಅದನ್ನು ರೇಡಿಯೋದಲ್ಲಿ ಎಂದೂ ಕೇಳಲಿಲ್ಲ, ಆದರೆ ಮರೆಯಲೂ ಇಲ್ಲ. ಬೋರ್ಡಿನ ಮುಂದೆ ಕೂತು ಗುನುಗುತ್ತಿದ್ದೆ, ಬಟ್ಟೆ ಒಗೆಯುತ್ತಾ ಗುನುಗುತ್ತಿದ್ದೆ. ಯಜಮಾನಿ ಒಮ್ಮೆ ಕಿಟಕಿಯ ಹೊರಗಿಂದ ಕೇಳಿದರು: “ಒಬ್ಬರೇ ಯಾರ ಜತಿಗೆ ಮಾತಾಡ್ತೀರಿ? ಮೈಯಾಗೆ ಹುಷಾರೈತಲ್ಲ?” ಹಾಡು ಎಂದೆ. “ಯಾವ ಹಾಡ್ರಿ?” ಎಂದರು. ಆ ಹಾಡಿನ ಹೆಸರು ಗೊತ್ತಾಗಬೇಕು, ಅದನ್ನು ಕೇಳಿರುವ ಇನ್ನೊಂದು ಜೀವವನ್ನು ನೋಡಬೇಕು ಎನ್ನುವುದು ನನ್ನೊಳಗೆ ಹಸಿವಿನ ಹಾಗೆ ಬೆಳೆದುಬಿಟ್ಟಿತ್ತು.

ಹಾಗಿರುವಾಗ, ಎಂಬತ್ತರ ದಶಕ ಶುರುವಾದ ಹೊಸತರಲ್ಲಿ, ಕಾಲೇಜಿನ ಹುಡುಗರು ವಾರ್ಷಿಕೋತ್ಸವಕ್ಕೆ ಬೆಂಗಳೂರಿನಿಂದ ಆರ್ಕೆಸ್ಟ್ರಾ ಗೊತ್ತು ಮಾಡಿದರು. ಗಿಟಾರು, ಡ್ರಮ್ಮು ಎಂದು ಕೇಳಿ ಸಿನಿಮಾ ಹಾಡಿನ ಮೇಳವೇ ಇರಬೇಕು ಎಂದುಕೊಂಡಿದ್ದರು. ಬಂದಿಳಿದವರು ಭುಜದವರೆಗೆ ಕೂದಲು ಬಿಟ್ಟ, ಇಂಗ್ಲಿಷ್ ಹಾಡು ಬಿಟ್ಟರೆ ಬೇರೇನೂ ನುಡಿಸದ ರಾಕ್ ತಂಡದವರು. ಸಂಜೆಯಾದರೆ ಕರೆಂಟು ಹೋಗುತ್ತದೆ ಎಂದು ಕಾರ್ಯಕ್ರಮವನ್ನು ಮಧ್ಯಾಹ್ನಕ್ಕೇ ಇಟ್ಟಿದ್ದರು. ಚನ್ನಗಿರಿ ಕಡೆಯ ನನ್ನ ಸಹೋದ್ಯೋಗಿಯೊಬ್ಬರನ್ನು ಕಾಡಿಬೇಡಿ ಬೋರ್ಡಿಗೆ ಕೂರಿಸಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋಗಿ ಹೆಂಗಸರ ಸಾಲಿನಲ್ಲಿ ಕೂತೆ.

ತಂಡದವರು ನಿಂತು ನುಡಿಸಲು ಸಿದ್ಧವಾಗುತ್ತಿದ್ದರು. ಮುಂದಿನ ಸಾಲಿನಲ್ಲಿದ್ದ ಕಾಲೇಜು ಸಮಿತಿಯ ಹಿರಿಯರೊಬ್ಬರು ಎದ್ದರು. “ಅಲ್ರಯ್ಯ, ದೂರದಿಂದ ಬಂದೋರ್ನ ನಿಲ್ಸಾಕೆ ನಾಚಿಕೆ ಆಗಲ್ವಾ? ನಿಂತ್ಕಂಡು ಬಾರ್ಸಾಕೆ ಅವರೇನು ಆಳುಗಳಾ? ಕುರ್ಚಿ ಹಾಕ್ರಿ.” ಕುರ್ಚಿಗಳು ಬಂದವು. ತಂಡದವರು ಬೇಡವೆಂದಷ್ಟೂ ಇವರ ಉಪಚಾರ ಹೆಚ್ಚಾಯಿತು. ಕೊನೆಗೆ ಮದುವೆ ಮನೆಯ ಗಂಡಿನ ಕಡೆಯವರಂತೆ ಎಲ್ಲರೂ ಸಾಲಾಗಿ ಕೂತು, ತೊಡೆಯ ಮೇಲೆ ಗಿಟಾರು ಇಟ್ಟುಕೊಂಡು ರಾಕ್ ಸಂಗೀತ ನುಡಿಸಿದರು. ಒಂದು ಹಾಡಿನ ನಡುವೆಯೇ ದಾನಿಗಳಿಗೆ ಸನ್ಮಾನ ಶುರುವಾಯಿತು. ಶಾಲು ಹೊದಿಸುವ ಹೊತ್ತಿಗೆ ಡ್ರಮ್ಮು ನಿಲ್ಲಿಸಿ ಎಂದು ಸನ್ನೆ ಮಾಡಿದರು. ಎರಡು ಹಾಡು ಮುಗಿಯುವಷ್ಟರಲ್ಲಿ ಹಿಂದಿನಿಂದ “ಕನ್ನಡದ್ದು ಹಾಡ್ರಿ” ಎಂದು ಕೂಗು ಎದ್ದಿತು. ಅವರಿಗೆ ಬರುತ್ತಿರಲಿಲ್ಲ. ಜನ ಒಬ್ಬೊಬ್ಬರೇ ಏಳತೊಡಗಿದರು. ಕೋಣನ ಮುಂದೆ ಕಿನ್ನರಿ ಎಂದು ಪಕ್ಕದ ಮೇಡಂ ಒಬ್ಬರು ನಕ್ಕು ತಾವೂ ಎದ್ದು ಹೋದರು.

ನಾನು ಏಳಲಿಲ್ಲ. ಪ್ರತಿ ಹಾಡು ಶುರುವಾದಾಗಲೂ ಇದೇ ಇರಬಹುದೇ ಎಂದು ಮೈಯೆಲ್ಲ ಕಿವಿಯಾಗಿ ಕಾದೆ. ಅದು ಬರಲಿಲ್ಲ. ಹೆಂಗಸರ ಸಾಲಿನಲ್ಲಿ ಕೊನೆಗೆ ಉಳಿದವಳು ನಾನೊಬ್ಬಳೇ. ವೇದಿಕೆಯ ಹತ್ತಿರ ಹೋಗಿ ಕೇಳುವ ಧೈರ್ಯವಾಗಲಿಲ್ಲ. ಒಂಟಿ ಹೆಂಗಸು ಉದ್ದ ಕೂದಲಿನ ಗಂಡಸರನ್ನು ಮಾತಾಡಿಸಿದರೆ ಮಾರನೆಯ ದಿನ ನನ್ನ ಬೋರ್ಡಿನ ಮೂಲಕವೇ ಆ ಸುದ್ದಿ ದಾವಣಗೆರೆಗೆ ಹೋಗುತ್ತಿತ್ತು. ಪೆಚ್ಚಾಗಿ ಡ್ಯೂಟಿಗೆ ಬಂದೆ.

ದೀಪ ಹಚ್ಚುವ ಹೊತ್ತಿಗೆ ತಂಡದವರಲ್ಲಿ ಇಬ್ಬರು ತಾವಾಗಿಯೇ ನನ್ನ ಆಫೀಸಿನ ಬಾಗಿಲಿಗೆ ಬಂದರು. ಗಿಟಾರು ನುಡಿಸುವವನು, ಮತ್ತು ಅವನಿಗಿಂತ ವಯಸ್ಸಾದ ಡ್ರಮ್ಮಿನವನು. ಗಿಟಾರಿನವನಿಗೆ ಕನ್ನಡ ಬರುತ್ತಿತ್ತು. “ಮೇಡಂ, ಬೆಂಗಳೂರಿಗೆ ಒಂದು ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತು. ಅಮ್ಮನ ಜೊತೆ ಮಾತಾಡಬೇಕು” ಎಂದ. ಬೆಂಗಳೂರಿಗೆ ದಾವಣಗೆರೆಯ ಮೂಲಕವೇ ಹೋಗಬೇಕಿತ್ತು, ಆ ಲೈನು ಸಿಕ್ಕುತ್ತಿರಲಿಲ್ಲ, ಕಾಯಬೇಕಾಗುತ್ತದೆ ಎಂದೆ. ಅಷ್ಟು ದಿನ ಶಾಪ ಹಾಕಿದ್ದ ಆ ಹಾಳು ಲೈನಿಗೆ ಅವತ್ತು ಕೈಮುಗಿಯಬೇಕೆನಿಸಿತು.

ಅವರು ಬೆಂಚಿನ ಮೇಲೆ ಕೂತರು. ನನ್ನ ಫ್ಲಾಸ್ಕಿನಲ್ಲಿದ್ದ ಚಹಾ ಕೊಟ್ಟೆ. ಇಬ್ಬರೂ ಎರಡು ಮಾತಾಡದೆ ಕುಡಿದರು, ಗಿಟಾರಿನವನು ಇನ್ನೂ ಇದೆಯಾ ಎಂದು ಕೇಳಿ ಮತ್ತೆ ಹಾಕಿಸಿಕೊಂಡ. ಹೊನ್ನಾಳಿಯಲ್ಲಿ ನಾನು ಮಾಡಿದ ಚಹಾವನ್ನು ಯಾರಾದರೂ ಕುಡಿದದ್ದು ಅದೇ ಮೊದಲು. ಕಾರ್ಯಕ್ರಮ ಕೊನೆಯವರೆಗೂ ಕೇಳಿದೆ ಎಂದೆ. “ಹೌದಾ? ಖಾಲಿ ಕುರ್ಚಿಗಳೇ ಕಾಣಿಸ್ತಿದ್ವು” ಎಂದು ನಕ್ಕ. ಆ ನಗುವಿನ ಧೈರ್ಯದಲ್ಲಿ ಹೇಳಿಬಿಟ್ಟೆ: ಒಂದು ಹಾಡಿದೆ, ಹೆಸರು ಗೊತ್ತಿಲ್ಲ, ಗುನುಗುತ್ತೇನೆ, ಯಾವುದೆಂದು ಹೇಳಬೇಕು.

ಬೋರ್ಡಿನ ಕಡೆ ಮುಖ ಮಾಡಿಕೊಂಡು ಗುನುಗಿದೆ. ಅವರಿಗೆ ಬೆನ್ನು ಹಾಕದಿದ್ದರೆ ದನಿಯೇ ಹೊರಡುತ್ತಿರಲಿಲ್ಲ. ಅವನು ಜೊತೆಗೆ ತಂದಿದ್ದ ಗಿಟಾರು ತೆಗೆದು ನನ್ನ ದನಿಯ ಹಿಂದೆಯೇ ಮೆಲ್ಲಗೆ ತಂತಿ ಮೀಟಿದ. ವರ್ಷಗಟ್ಟಲೆ ನನ್ನ ಗಂಟಲಿನಲ್ಲಿ ಮಾತ್ರ ಇದ್ದದ್ದು ಆ ಕೋಣೆಯಲ್ಲಿ ಕೇಳಿಸಿತು. ತಿರುವಿಗೆ ಬಂದಾಗ ಅವನು ತಡೆದ. “ಇನ್ನೊಂದ್ಸಲ.” ಮತ್ತೆ ಗುನುಗಿದೆ. ಡ್ರಮ್ಮಿನವನು ಇಂಗ್ಲಿಷಿನಲ್ಲಿ ಅವನಿಗೇನೋ ಹೇಳಿದ, ಇಬ್ಬರೂ ವಾದ ಮಾಡಿದರು. ಕೊನೆಗೆ ಗಿಟಾರಿನವನು ಮೆತ್ತಗೆ ಕೇಳಿದ: “ಮೇಡಂ, ಇದನ್ನ ರೇಡಿಯೋದಲ್ಲಿ ಕೇಳಿದ್ರಾ?”

“ಹೌದು.”

“ಇದು ಒಂದು ಹಾಡಲ್ಲ. ಮೊದಲ ಅರ್ಧ ಒಂದು, ಆಮೇಲಿನದು ಇನ್ನೊಂದು. ಎರಡಕ್ಕೂ ಸಂಬಂಧ ಇಲ್ಲ. ಸ್ಟೇಷನ್ ಜಾರಿರಬೇಕು.”

ಅಪ್ಪನ ರೇಡಿಯೋದ ಮುಳ್ಳು ಸಡಿಲವಿತ್ತು, ತಾನಾಗಿಯೇ ಜಾರುತ್ತಿತ್ತು, ಅಪ್ಪ ಬೈದುಕೊಳ್ಳುತ್ತಾ ತಿರುಗಿ ಕೂರಿಸುತ್ತಿದ್ದರು. ನನ್ನನ್ನು ಅಳಿಸಿದ ಆ ತಿರುವು ಯಾರೂ ಕಟ್ಟಿದ್ದಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವನು ಎರಡೂ ಹಾಡುಗಳನ್ನು ಬೇರೆ ಬೇರೆಯಾಗಿ, ಪೂರ್ತಿಯಾಗಿ ನುಡಿಸಿ ತೋರಿಸಿದ. ಚೆನ್ನಾಗಿಯೇ ಇದ್ದವು. ಬೇರೆಯವರ ಮನೆಯ ಮಕ್ಕಳನ್ನು ನೋಡಿದ ಹಾಗೆ ಕೇಳಿಸಿಕೊಂಡೆ. ನನ್ನ ಮುಖ ಕಂಡು ಅವನಿಗೆ ಏನನ್ನಿಸಿತೋ, “ನಿಮ್ಮದೇ ಚೆನ್ನಾಗಿದೆ ಮೇಡಂ” ಎಂದು ನಾನು ಗುನುಗಿದ್ದನ್ನೇ ಇನ್ನೊಮ್ಮೆ ತಿರುವಿನ ಸಮೇತ ನುಡಿಸಿದ. ಈ ಸಲ ಎಲ್ಲೂ ತಡೆಯಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಹೆಸರಿಲ್ಲದಿದ್ದರೆ ಹೋಗಲಿ, ನನ್ನ ಹಾಡು ಈಗ ಇನ್ನೊಬ್ಬರಿಗೆ ಗೊತ್ತು ಎಂದುಕೊಂಡೆ. ಅಷ್ಟು ವರ್ಷಗಳಲ್ಲಿ ನಾನು ಒಬ್ಬಳೇ ಅಲ್ಲ ಎನಿಸಿದ್ದು ಆ ಹೊತ್ತಿನಲ್ಲಿ ಮಾತ್ರ.

ಅಷ್ಟರಲ್ಲಿ ಲೈನು ಬಂತು. ಅವನನ್ನು ಮೂಲೆಯ ಫೋನ್ ಬೂತಿಗೆ ಕಳಿಸಿ ಕರೆ ಜೋಡಿಸಿದೆ. ಎರಡೂ ಕಡೆ ಸರಿಯಾಗಿ ಕೇಳಿಸುತ್ತಿದೆಯೇ ಎಂದು ನೋಡುವುದು, ಮೂರು ನಿಮಿಷಕ್ಕೊಮ್ಮೆ ಎಚ್ಚರಿಸುವುದು ನಮ್ಮ ಕೆಲಸ. ದಾವಣಗೆರೆ ಲೈನು ನಡುನಡುವೆ ಸತ್ತು ಹೋಗುತ್ತಿದ್ದುದರಿಂದ ನಾನು ಕಿವಿಯಿಂದ ಹೆಡ್‌ಸೆಟ್ ತೆಗೆಯಲಿಲ್ಲ.

“ಊಟ ಆಯ್ತೇನೋ?” ತಾಯಿಯ ದನಿ.

“ಆಗ್ಬೇಕು. ಪ್ರೋಗ್ರಾಂ ಹಾಳಾಯ್ತಮ್ಮ. ಕುರ್ಚಿ ಮೇಲೆ ಕೂರಿಸಿಬಿಟ್ರು.”

ತಾಯಿ ನಕ್ಕರು. ನನಗೂ ನಗು ಬಂತು. ಮನೆಯ ಸುದ್ದಿ, ಅಕ್ಕನ ಸುದ್ದಿ ಆಯಿತು. ಆಮೇಲೆ ಅವರು ಕೇಳಿದರು: “ಇಷ್ಟೊತ್ತು ಏನ್ ಮಾಡ್ತಿದ್ರಿ ಹಾಗಾದ್ರೆ?”

ನಾನು ಹೆಡ್‌ಸೆಟ್ಟನ್ನು ಕಿವಿಗೆ ಒತ್ತಿಕೊಂಡೆ.

“ಏನಿಲ್ಲ. ಫೋನ್ ಆಫೀಸಲ್ಲಿ ಸುಮ್ನೆ ಕೂತಿದ್ವಿ. ಮಾತಾಡೋಕೆ ಒಂದು ನರಪಿಳ್ಳೆ ಇಲ್ಲಮ್ಮ ಈ ಊರಲ್ಲಿ.”

ಗಡಿಯಾರ ನೋಡಿದೆ. ದಿನವೂ ಎಲ್ಲರಿಗೂ ಹೇಳುವ ದನಿಯಲ್ಲಿ ಹೇಳಿದೆ: “ಮೂರು ನಿಮಿಷ ಆಯಿತು. ಮುಂದುವರಿಸುತ್ತೀರಾ?”

“ಯಾರೋ ಅದು?” ಎಂದರು ತಾಯಿ. ಅವನು ನನಗೆ “ಬೇಡ ಮೇಡಂ, ಸಾಕು” ಎಂದ.

ಪ್ಲಗ್ ಎಳೆದೆ. ಬೂತಿನ ಬಾಗಿಲು ಬಹಳ ಹೊತ್ತು ತೆರೆಯಲಿಲ್ಲ. ತೆರೆಯುವುದೇ ಬೇಡ ಎಂದು ನಾನೂ ಬಯಸುತ್ತಿದ್ದೆ.